ಒಬ್ಬರೇ ಏಷ್ಯಾ ಸುತ್ತಲು ಯಾವ ಬ್ಯಾಗು: 60 ಲೀಟರಾ, 40 ಲೀಟರಾ, ಟ್ರಾಲಿನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 40 ಲೀಟರಿನ ಬ್ಯಾಗಿಗೆ (ಲೀಟರ್ ಅಂದರೆ ಒಳಗೆ ಸಾಮಾನು ಹಿಡಿಯುವ ಜಾಗದ ಅಳತೆ). ಬೆನ್ನಿಗೆ ಹಾಕುವಂಥದ್ದು, ಆದರೆ ಸುತ್ತಲೂ ಜಿಪ್ ಎಳೆದರೆ ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆದುಕೊಳ್ಳುವಂಥದ್ದು. ಅದನ್ನು ಕೊಂಡ ಮೇಲೆ ವಿಯೆಟ್ನಾಂ, ಲಾವೋಸ್, ಶ್ರೀಲಂಕಾ ಎಲ್ಲ ಕಡೆಗೂ ಅದೊಂದೇ ನನ್ನ ಜೊತೆ ಬಂದಿದೆ. ಅದಕ್ಕೂ ಮುಂಚೆ ಚಾರಣಕ್ಕೆ ಅಂತ ಇಟ್ಟುಕೊಂಡಿದ್ದ 60 ಲೀಟರಿನ ರಕ್‌ಸ್ಯಾಕ್ ಹೊತ್ತಿದ್ದೇನೆ, ಮನೆಯ ಟ್ರಾಲಿಯನ್ನೂ ಎಳೆದಿದ್ದೇನೆ. ಆ ಎರಡೂ ಈಗಲೂ ಕುವೆಂಪುನಗರದ ನಮ್ಮ ಮನೆಯ ಅಟ್ಟದಲ್ಲಿವೆ. ಅವುಗಳಿಗೂ ಕೆಲಸ ಇದೆ. ಆದರೆ ಒಬ್ಬರೇ ಹೊರಡುವಾಗ ಕೈ ಹೋಗುವುದು ಇದಕ್ಕೇ.

ಎಷ್ಟು ಪಾಕೆಟ್, ಯಾವ ಬಟ್ಟೆ, ಎಷ್ಟು ಉದ್ದ ಅಗಲ ಅನ್ನುವುದೆಲ್ಲ ಅಂಗಡಿಯಲ್ಲಿ ಬ್ಯಾಗಿಗೆ ಕಟ್ಟಿದ ಚೀಟಿಯಲ್ಲೇ ಇರುತ್ತದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಮಂಡ್ಯದ ನೆಂಟರ ಮಕ್ಕಳು, ಆಫೀಸಿನ ಕಿರಿಯರು ನನ್ನನ್ನು ಕೇಳುವಾಗ ಮೊದಲು ಯಾವ ದೇಶ ಅಂತಾರೆ, ಆಮೇಲೆ ಎಷ್ಟು ಖರ್ಚು ಅಂತಾರೆ, ಹೊರಡುವ ವಾರ ಬಂದಾಗ ಬ್ಯಾಗಿನ ವಿಷಯ ತೆಗೆಯುತ್ತಾರೆ. ಒಬ್ಬರೇ ಹೋಗುವುದಾದರೆ ಈ ಸಾಲು ತಿರುಗಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಕಾರಣ ಸರಳ. ಇಬ್ಬರಿದ್ದಾಗ ಒಬ್ಬರು ಲಗೇಜು ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಟಿಕೆಟ್ ತರುತ್ತಾರೆ, ಟಾಯ್ಲೆಟ್‌ಗೆ ಹೋಗಿ ಬರುತ್ತಾರೆ, ರೂಮು ನೋಡಿ ಬರುತ್ತಾರೆ. ಒಬ್ಬರೇ ಇದ್ದಾಗ ನೋಡಿಕೊಳ್ಳುವವರು ಯಾರು? ಬ್ಯಾಗು ನಾವು ಹೋದಲ್ಲೆಲ್ಲ ಬರಬೇಕು. ಟಾಯ್ಲೆಟ್ ಒಳಗೂ ಬರಬೇಕು. ಪಕ್ಕದಲ್ಲಿ ಕೂತ ಅಪರಿಚಿತರಿಗೆ ಸ್ವಲ್ಪ ನೋಡಿಕೊಳ್ಳಿ ಅಂತ ಹೇಳಿ ಹೋಗುವವರೂ ಇದ್ದಾರೆ. ಅವರ ಧೈರ್ಯಕ್ಕೆ ನಾನು ಏನೂ ಹೇಳುವುದಿಲ್ಲ. ಪಾಸ್‌ಪೋರ್ಟ್ ಸೊಂಟದಲ್ಲೇ ಇದ್ದರೂ, ವಾರಗಟ್ಟಲೆ ಬೇಕಾದ ಬಟ್ಟೆ, ಮಾತ್ರೆ, ಚಾರ್ಜರ್ ಎಲ್ಲ ಆ ಬ್ಯಾಗಿನಲ್ಲಿರುತ್ತದೆ. ಅದನ್ನು ಬಿಟ್ಟು ಹೋದರೆ ನನಗೆ ಮನಸ್ಸು ನಿಲ್ಲುವುದಿಲ್ಲ.

ಹಾಗಾಗಿ ನನ್ನ ಮೊದಲ ಪರೀಕ್ಷೆ ಇದೇ. ಬ್ಯಾಗು ಹಾಕಿಕೊಂಡೇ ಒಂದು ಸಣ್ಣ ಟಾಯ್ಲೆಟ್ ಒಳಗೆ ಹೋಗಿ, ಚಿಲಕ ಹಾಕಿ, ಬ್ಯಾಗನ್ನು ಒದ್ದೆ ನೆಲದ ಮೇಲೆ ಇಡದೆ ಹೊರಗೆ ಬರಲು ಆಗುತ್ತದಾ? 40 ಲೀಟರಿನದು ಪಾಸ್. ಬಾಗಿಲ ಹಿಂದೆ ಗಟ್ಟಿ ಕೊಕ್ಕೆ ಇದ್ದರೆ ನೇತು ಹಾಕಬಹುದು, ಇಲ್ಲದಿದ್ದರೆ ಎದೆಗೆ ತಿರುಗಿಸಿ ಹಾಕಿಕೊಳ್ಳಬಹುದು. 60 ಲೀಟರಿನದು ಒಳಗೆ ಬಂದರೆ ಬಾಗಿಲು ಮುಚ್ಚುವುದಿಲ್ಲ. ಟ್ರಾಲಿಯ ಚಕ್ರ ಆ ನೆಲದ ನೀರನ್ನೆಲ್ಲ ಮೆತ್ತಿಕೊಂಡು ಹೊರಗೆ ಬರುತ್ತದೆ. ಅದೇ ಚಕ್ರವನ್ನು ರಾತ್ರಿ ಹಾಸಿಗೆಯ ಪಕ್ಕ ಇಡಬೇಕು.

ಸ್ಲೀಪರ್ ಬಸ್ಸಿನ ಡಿಕ್ಕಿ

60 ಲೀಟರಿನ ಬ್ಯಾಗಿನ ಬೇರೆ ಎಲ್ಲ ತೊಂದರೆಗಳನ್ನೂ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಸಹಿಸಲು ಆಗದೆ ಹೋದದ್ದು ಒಂದೇ, ರಾತ್ರಿ ಬಸ್ಸಿನ ಡಿಕ್ಕಿ.

ವಿಯೆಟ್ನಾಮಿನ ಸ್ಲೀಪರ್ ಬಸ್ಸು ನಮ್ಮದರ ಹಾಗಲ್ಲ. ಹತ್ತುವಾಗಲೇ ಚಪ್ಪಲಿ, ಶೂ ಬಿಚ್ಚಿ ಅವರು ಕೊಡುವ ಪ್ಲಾಸ್ಟಿಕ್ ಕವರಿಗೆ ಹಾಕಬೇಕು. ಒಳಗೆ ಉದ್ದಕ್ಕೆ ಮೂರು ಸಾಲು, ಮೇಲೆ ಕೆಳಗೆ ಎರಡು ಅಂತಸ್ತು. ಸೀಟು ಅರ್ಧ ಮಲಗಿರುತ್ತದೆ. ಕಾಲನ್ನು ಮುಂದಿನವರ ಬೆನ್ನಿನ ಕೆಳಗಿರುವ ಡಬ್ಬಿಯಂಥ ಜಾಗಕ್ಕೆ ತೂರಿಸಬೇಕು. ಸಾಲುಗಳ ನಡುವೆ ಒಬ್ಬರು ಪಕ್ಕವಾಗಿ ಹೋಗುವಷ್ಟು ದಾರಿ. ಜನ ಜಾಸ್ತಿ ಆದರೆ ಆ ದಾರಿಯಲ್ಲೂ ಚಾಪೆ ಹಾಸಿ ಮಲಗಿಸುತ್ತಾರೆ. ದೊಡ್ಡ ಬ್ಯಾಗು ಒಳಗೆ ತರುವ ಮಾತೇ ಇಲ್ಲ. ಬಾಗಿಲಲ್ಲಿ ನಿಂತ ಹುಡುಗ ಬೆನ್ನಿನಿಂದ ಕಿತ್ತುಕೊಂಡಂತೆ ತೆಗೆದು ಕೆಳಗಿನ ಡಿಕ್ಕಿಗೆ ತಳ್ಳುತ್ತಾನೆ.

ಹನೋಯ್‌ನಿಂದ ಹುಯೆಗೆ ರಾತ್ರಿಯೆಲ್ಲ ಪ್ರಯಾಣ. ನನಗೆ ಮೇಲಿನ ಸೀಟು, ಕಿಟಕಿ ಪಕ್ಕ. ಆ ಬಸ್ಸುಗಳು ಜನರನ್ನು ಮಾತ್ರ ಒಯ್ಯುವುದಿಲ್ಲ. ಪಾರ್ಸೆಲ್, ತರಕಾರಿ ಮೂಟೆ, ಥರ್ಮೋಕೋಲ್ ಪೆಟ್ಟಿಗೆ, ಕೆಲವೊಮ್ಮೆ ಬೈಕು ಕೂಡ ಅದೇ ಡಿಕ್ಕಿಯಲ್ಲಿ. ದಾರಿಯುದ್ದಕ್ಕೂ ಹೆದ್ದಾರಿಯ ಪಕ್ಕ ನಿಲ್ಲಿಸುತ್ತಾರೆ, ಡಿಕ್ಕಿಯ ಬಾಗಿಲು ಧಡ್ ಅಂತ ಮೇಲೆ ಹೋಗುತ್ತದೆ, ಟಾರ್ಚ್ ಬೆಳಕಿನಲ್ಲಿ ಏನೋ ಇಳಿಸುತ್ತಾರೆ, ಏನೋ ಹತ್ತಿಸುತ್ತಾರೆ. ಆ ಸದ್ದು ಕೇಳಿದಾಗಲೆಲ್ಲ ನಾನು ಎದ್ದು ಕಿಟಕಿಗೆ ಮುಖ ಹಚ್ಚಿ ನೋಡಬೇಕು. ನನ್ನ ಬ್ಯಾಗು ರಸ್ತೆ ಪಕ್ಕ ಉಳಿಯಿತಾ? ಮೇಲಿನಿಂದ ಕಾಣುವುದು ಜನರ ತಲೆ ಮಾತ್ರ. ಇಳಿದು ನೋಡೋಣ ಅಂದರೆ ಶೂ ಕವರಿನಲ್ಲಿದೆ, ದಾರಿಯಲ್ಲಿ ಜನ ಮಲಗಿದ್ದಾರೆ. ಜೊತೆಗೆ ಒಬ್ಬರಿದ್ದರೆ ಸರದಿಯ ಮೇಲೆ ನಿದ್ದೆ ಮಾಡಬಹುದಿತ್ತು. ಒಬ್ಬರೇ ಇದ್ದಾಗ ರಾತ್ರಿ ಪೂರ್ತಿ ಹೀಗೇ ಕಳೆಯುತ್ತದೆ.

ಹುಯೆಯಲ್ಲಿ ಇಳಿದಾಗ ಬ್ಯಾಗು ಇತ್ತು. ಆದರೆ ಅದರ ಮೇಲೆ ಇಟ್ಟಿದ್ದ ಮೀನಿನ ಪೆಟ್ಟಿಗೆಯಿಂದ ಕರಗಿದ ಐಸಿನ ನೀರು ಸೋರಿತ್ತು. ನಾನು ಸಸ್ಯಾಹಾರಿ. ಆ ವಾಸನೆ ಬೆನ್ನಿಗೆ ತಾಗುವ ಸ್ಪಂಜಿನೊಳಗೆ ಇಳಿದಿತ್ತು. ರಕ್‌ಸ್ಯಾಕಿನ ಬೆನ್ನಿನ ಸ್ಪಂಜನ್ನು ಹಾಸ್ಟೆಲ್ ಬಾತ್‌ರೂಮಿನಲ್ಲಿ ತೊಳೆದು ಒಣಗಿಸುವುದು ಆಗದ ಕೆಲಸ. ಮಧ್ಯ ವಿಯೆಟ್ನಾಮಿನಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮಳೆಗಾಲ, ಬಿಸಿಲೇ ಇರುವುದಿಲ್ಲ. ನಾನು ಹೋದದ್ದು ಅದೇ ಸಮಯಕ್ಕೆ. ಹೋಯಿ ಆನ್ ತಲುಪಿದ ಮೇಲೂ ವಾಸನೆ ಹೋಗಿರಲಿಲ್ಲ. ಹೆಗಲಿಗೆ ಹಾಕಿದಾಗಲೆಲ್ಲ ಹೊಟ್ಟೆ ತೊಳಸುತ್ತಿತ್ತು. ಅಷ್ಟು ಚೆಂದದ ಹಳೇ ಊರು, ಹಳದಿ ಗೋಡೆ, ನದಿ ಪಕ್ಕದ ಲಾಟೀನು ಎಲ್ಲ ನೋಡುತ್ತಾ ನನ್ನ ತಲೆಯಲ್ಲಿ ಇದ್ದದ್ದು ಆ ಬ್ಯಾಗನ್ನು ಎಲ್ಲಿ ಒಣಗಿಸುವುದು ಅನ್ನುವ ಚಿಂತೆ.

40 ಲೀಟರಿನ ಬ್ಯಾಗು ಬಂದ ಮೇಲೆ ಈ ತೊಂದರೆ ಪೂರ್ತಿ ಹೋಯಿತು ಅಂತ ಹೇಳಲಾರೆ. ಮೂರು ಸಾಲಿನ ಹಳೇ ಬಸ್ಸಿನಲ್ಲಿ ಅದನ್ನೂ ಡಿಕ್ಕಿಗೆ ಹಾಕು ಅನ್ನುತ್ತಾರೆ. ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಈಗ ಪರದೆ ಹಾಕಿದ ಪುಟ್ಟ ಕೋಣೆಗಳಂಥ ಹೊಸ ಬಸ್ಸುಗಳು ಬಂದಿವೆ. ಟಿಕೆಟ್ ಸ್ವಲ್ಪ ಜಾಸ್ತಿ, ಆದರೆ ಅಲ್ಲಿ ಕಾಲ ಬಳಿ ಬ್ಯಾಗು ಕೂರುತ್ತದೆ. ಮಂಡಿ ಸ್ವಲ್ಪ ಮಡಚಿ ಮಲಗಬೇಕು, ಅಷ್ಟೇ. ನಾನು ಆ ಜಾಸ್ತಿ ದುಡ್ಡು ಕೊಟ್ಟೇ ಹೋಗುತ್ತೇನೆ.

ಅದಕ್ಕಿಂತ ಒಳ್ಳೆಯದು ರೈಲು. ಹನೋಯ್‌ನಿಂದ ಸೈಗಾನ್‌ವರೆಗಿನ ದಾರಿ 1,726 ಕಿಲೋಮೀಟರ್. 1936ರಲ್ಲಿ ಪೂರ್ತಿಯಾದ ಈ ದಾರಿ ಯುದ್ಧದಲ್ಲಿ ತುಂಡಾಗಿ, 1976ರಲ್ಲಿ ಮತ್ತೆ ಕೂಡಿಕೊಂಡಿತು. ನಾಲ್ಕು ಬರ್ತಿನ ಕ್ಯಾಬಿನ್, ಆರು ಬರ್ತಿನ ಕ್ಯಾಬಿನ್ ಎರಡೂ ಇವೆ, ಎರಡಕ್ಕೂ ಬಾಗಿಲು ಇದೆ. ಕೆಳಗಿನ ಬರ್ತ್ ಹಿಡಿದು ಬ್ಯಾಗನ್ನು ಅದರ ಅಡಿಗೆ ತಳ್ಳಿದರೆ ಮುಗಿಯಿತು, ನಾವು ಅದರ ಮೇಲೆಯೇ ಮಲಗಿರುತ್ತೇವೆ. ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿನ ಕೆಳಗೆ ಚೈನು ಹಾಕಿ ಬೀಗ ಜಡಿಯುವ ಅಭ್ಯಾಸ ಇದ್ದವರು ಇಲ್ಲಿಯೂ ಅದೇ ಮಾಡಬಹುದು, ನಾನೂ ಮಾಡುತ್ತೇನೆ. ಬೆಳಗ್ಗೆ ಹುಯೆ ದಾಟಿ ಡ ನಾಂಗ್ ಕಡೆ ಹೋಗುವಾಗ ಹಾಯ್ ವಾನ್ ಘಟ್ಟದಲ್ಲಿ ರೈಲು ಸಮುದ್ರದ ಅಂಚಿನಲ್ಲೇ ತಿರುಗುತ್ತದೆ. ಕಿಟಕಿ ಬಳಿ ಹೋಗಿ ಅರ್ಧ ಗಂಟೆ ನಿಂತು ನೋಡಬಹುದು. ಬ್ಯಾಗಿನ ಯೋಚನೆ ಇಲ್ಲದಾಗ ಮಾತ್ರ ಹಾಗೆ ನಿಲ್ಲಲು ಆಗುತ್ತದೆ.

ಟ್ರಾಲಿ

ಟ್ರಾಲಿಯನ್ನು ಸುಮ್ನೆ ಬೈಯುವವರು ಬಹಳ. ನಾನು ಬೈಯುವುದಿಲ್ಲ. ಸಿಂಗಾಪುರ, ಕ್ವಾಲಾಲಂಪುರ, ಬ್ಯಾಂಕಾಕಿನ ಮೆಟ್ರೋ ದಾರಿಯಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಚಾಂಗಿ ವಿಮಾನ ನಿಲ್ದಾಣದಿಂದ ಹೋಟೆಲಿನ ರಿಸೆಪ್ಷನ್‌ವರೆಗೆ ಒಂದು ಸಲವೂ ಎತ್ತದೆ ತಲುಪಿದ್ದೇನೆ. ಬೆನ್ನು ನೋವು ಇರುವವರಿಗೆ ಬೇರೆ ದಾರಿಯೇ ಇಲ್ಲ, ಅವರು ಟ್ರಾಲಿಯನ್ನೇ ಒಯ್ಯಲಿ, ಊರುಗಳನ್ನು ಅದಕ್ಕೆ ತಕ್ಕಂತೆ ಆರಿಸಿಕೊಳ್ಳಲಿ.

ಕಷ್ಟ ಶುರುವಾಗುವುದು ಮಲೇಷ್ಯಾದ ಪೆನಾಂಗಿನಲ್ಲಿ. ಜಾರ್ಜ್‌ಟೌನಿನ ಹಳೇ ಪೇಟೆಯಲ್ಲಿ ಅಂಗಡಿ ಮನೆಗಳ ಮುಂದೆ ಕಂಬ ಇರುವ ಜಗುಲಿಯಂಥ ಕಾಲುದಾರಿ ಇದೆ. ಬಿಸಿಲು, ಮಳೆ ಎರಡರಿಂದಲೂ ಕಾಪಾಡುತ್ತದೆ. ಆದರೆ ಒಂದೊಂದು ಮನೆಯ ಜಗುಲಿ ಒಂದೊಂದು ಎತ್ತರ. ಒಂದು ಮೆಟ್ಟಿಲು ಮೇಲೆ, ಎರಡು ಮೆಟ್ಟಿಲು ಕೆಳಗೆ, ನಡುವೆ ನಿಲ್ಲಿಸಿದ ಸ್ಕೂಟರು, ಊದುಬತ್ತಿ ಹಚ್ಚಿದ ಪುಟ್ಟ ಗುಡಿ. ಎರಡು ಅಂಗಡಿಗೆ ಒಂದು ಸಲ ಟ್ರಾಲಿ ಎತ್ತಬೇಕು. ರಸ್ತೆಗೆ ಇಳಿದರೆ ಗಾಡಿಗಳು.

ಲಾವೋಸಿನಲ್ಲಂತೂ ಅದು ಆಗುವುದೇ ಇಲ್ಲ. ಥಾಯ್ಲೆಂಡ್ ಗಡಿಯ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗಿಗೆ ಮೆಕಾಂಗ್ ನದಿಯಲ್ಲಿ ಎರಡು ದಿನದ ದೋಣಿ. ಮೊದಲ ದಿನ ಸಂಜೆ ಪಾಕ್‌ಬೆಂಗ್ ಅನ್ನುವ ಪುಟ್ಟ ಊರಿನಲ್ಲಿ ಇಳಿಸುತ್ತಾರೆ. ದೋಣಿಯಿಂದ ದಡಕ್ಕೆ ಒಂದು ಹಲಗೆ, ಅಲ್ಲಿಂದ ಊರಿಗೆ ಕಡಿದಾದ ಏರು. ಆ ಹಲಗೆಯ ಮೇಲೆ ಟ್ರಾಲಿ ಎತ್ತಿಕೊಂಡು ಬಂದ ಒಬ್ಬರನ್ನು ನೋಡಿದೆ. ಎರಡು ಕೈಯೂ ಟ್ರಾಲಿ ಮೇಲೆ, ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲ. ನನ್ನ ಎರಡು ಕೈಯೂ ಖಾಲಿ ಇದ್ದವು, ಹೋಗಿ ಅವರ ಟ್ರಾಲಿಯ ಒಂದು ಬದಿ ಹಿಡಿದೆ. ಅವರೂ ಒಬ್ಬರೇ ಬಂದಿದ್ದರು. ಆ ರಾತ್ರಿ ಒಟ್ಟಿಗೆ ಕೂತು ಊಟ ಮಾಡಿದೆವು, ಲುವಾಂಗ್ ಪ್ರಬಾಂಗಿನಲ್ಲೂ ಒಂದೆರಡು ಸಂಜೆ ಜೊತೆಯಾದೆವು.

60 ಲೀಟರ್ ಗೆಲ್ಲುವ ಜಾಗ

ನೇಪಾಳ. ಅಷ್ಟೇ ಹೇಳಿದರೂ ಸಾಕು. ಅನ್ನಪೂರ್ಣ ಬೇಸ್ ಕ್ಯಾಂಪ್ 4,130 ಮೀಟರ್ ಎತ್ತರದಲ್ಲಿದೆ. ಸ್ಲೀಪಿಂಗ್ ಬ್ಯಾಗು, ದಪ್ಪ ಜಾಕೆಟ್ಟು, ಒಳಗೆ ಹಾಕುವ ಬೆಚ್ಚನೆ ಬಟ್ಟೆ ಎಲ್ಲ ಬೇಕು. ಅಂಥ ಕಡೆ ದೊಡ್ಡ ರಕ್‌ಸ್ಯಾಕಿನ ಸೊಂಟಪಟ್ಟಿ ಭಾರವನ್ನು ಹೆಗಲಿನಿಂದ ಇಳಿಸಿ ಸೊಂಟಕ್ಕೆ ಕೊಡುತ್ತದೆ. ದಿನವಿಡೀ ಹತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ. 40 ಲೀಟರಿನ ಪ್ರಯಾಣದ ಬ್ಯಾಗಿನ ಸೊಂಟಪಟ್ಟಿ ಹೆಸರಿಗೆ ಮಾತ್ರ.

ಆದರೆ ಇದರಲ್ಲೂ ಒಂದು ಮಾತಿದೆ. ನೇಪಾಳಕ್ಕೆ ಹೋದರೂ ಬರೀ ಕಠ್ಮಂಡು, ಪೋಖರಾ ನೋಡಿ ಬರುವವರಿಗೆ ದೊಡ್ಡದು ಬೇಡ. ಚಾರಣದ ಸಾಮಾನನ್ನೆಲ್ಲ ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಕೊಡುತ್ತಾರೆ, ಪೋಖರಾದಲ್ಲೂ ಸಿಗುತ್ತದೆ. ಕುಮಾರ ಪರ್ವತ, ಕುದುರೆಮುಖಕ್ಕೆ ಅಂತ ನಿಮ್ಮ ಬಳಿ ಆಗಲೇ ದೊಡ್ಡ ರಕ್‌ಸ್ಯಾಕ್ ಇದ್ದರೆ ಅದನ್ನು ಚಾರಣಕ್ಕೇ ಇಟ್ಟುಕೊಳ್ಳಿ.

ಮೇಲಿನಿಂದ ತೆರೆಯುವುದು, ಮುಂದಿನಿಂದ ತೆರೆಯುವುದು

ಚಾರಣದ ರಕ್‌ಸ್ಯಾಕ್ ಸಾಮಾನ್ಯವಾಗಿ ಮೇಲಿನಿಂದ ತೆರೆಯುತ್ತದೆ. ಬೇಕಾದ್ದು ಯಾವಾಗಲೂ ತಳದಲ್ಲಿರುತ್ತದೆ. ಲಾವೋಸಿನ ಹೊಸ ರೈಲು ಹತ್ತಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಚೀನಾ ಗಡಿಯಿಂದ ವಿಯೆಂಟಿಯಾನ್‌ವರೆಗಿನ ಆ ರೈಲು 2021ರ ಡಿಸೆಂಬರಿನಲ್ಲಿ ಶುರುವಾಯಿತು. ಮುಂಚೆ ಲುವಾಂಗ್ ಪ್ರಬಾಂಗಿನಿಂದ ವಿಯೆಂಟಿಯಾನಿಗೆ ಬಸ್ಸಿನಲ್ಲಿ ಇಡೀ ದಿನ ಬೇಕಿತ್ತು, ಈಗ ಸುಮಾರು ಎರಡು ಗಂಟೆ. ನಿಲ್ದಾಣದ ತಪಾಸಣೆ ವಿಮಾನ ನಿಲ್ದಾಣದಷ್ಟೇ ಬಿಗಿ. ಚಾಕು, ಕತ್ತರಿ, ಸ್ಪ್ರೇ ಡಬ್ಬಿ ಬಿಡುವುದಿಲ್ಲ. ಸೊಳ್ಳೆ ಸ್ಪ್ರೇ ಕೂಡ ಎತ್ತಿಡುತ್ತಾರೆ.

ನನ್ನ ಮುಂದೆ ಇದ್ದವರ ದೊಡ್ಡ ರಕ್‌ಸ್ಯಾಕಿನಲ್ಲಿ ಯಂತ್ರಕ್ಕೆ ಏನೋ ಕಂಡಿತು. ಒಳಬಟ್ಟೆಯಿಂದ ಹಿಡಿದು ಎಲ್ಲವನ್ನೂ ಮೇಜಿನ ಮೇಲೆ ಸುರಿದರು, ಕೊನೆಗೆ ತಳದಲ್ಲಿ ಡಿಯೋಡರೆಂಟ್ ಸಿಕ್ಕಿತು. ಹಿಂದೆ ಇಡೀ ಸಾಲು ಕಾಯುತ್ತಿತ್ತು. ನನ್ನದನ್ನು ತೆರೆದು ತೋರಿಸಲು ಒಂದು ಜಿಪ್ ಎಳೆದರೆ ಸಾಕಿತ್ತು. ಚಟ್ನಿಪುಡಿಯ ಪೊಟ್ಟಣವನ್ನು ಮೂಸಿ ನೋಡಿ ಬಿಟ್ಟರು.

ಹಾಸ್ಟೆಲಿನ ಡಾರ್ಮ್‌ನಲ್ಲೂ ಇದೇ. ರಾತ್ರಿ ತಡವಾಗಿ ಬಂದರೆ, ಇಲ್ಲ ಬೆಳಗಿನ ಜಾವ ಹೊರಟರೆ, ಎಂಟು ಜನ ಮಲಗಿದ ಕೋಣೆಯಲ್ಲಿ ದೀಪ ಹಾಕುವ ಹಾಗಿಲ್ಲ. ಮೇಲಿನಿಂದ ತೆರೆಯುವ ಬ್ಯಾಗಿನಲ್ಲಿ ಟವೆಲ್ ಹುಡುಕಲು ಒಂದೊಂದೇ ಪ್ಲಾಸ್ಟಿಕ್ ಕವರು ಹೊರಗೆ ತೆಗೆಯಬೇಕು. ಆ ಪರಪರ ಸದ್ದಿಗೆ ಎಲ್ಲರೂ ಮಗ್ಗುಲು ಬದಲಾಯಿಸುತ್ತಾರೆ. ಪ್ಲಾಸ್ಟಿಕ್ ಬಿಟ್ಟು ಬಟ್ಟೆ ಚೀಲ ಬಳಸಿ. ದೇವರಾಜ ಮಾರುಕಟ್ಟೆ ಪಕ್ಕದ ದರ್ಜಿಯೊಬ್ಬರು ನನಗೆ ಹಳೇ ಕಾಟನ್ ಸೀರೆಯಿಂದ ದಾರ ಎಳೆಯುವ ಚೀಲಗಳನ್ನು ಹೊಲಿದುಕೊಟ್ಟರು. ಒಂದೊಂದು ಬಣ್ಣ ಒಂದೊಂದಕ್ಕೆ. ಮೊಬೈಲ್ ಬೆಳಕಿನಲ್ಲೂ ಗೊತ್ತಾಗುತ್ತದೆ, ಸದ್ದೂ ಇಲ್ಲ.

ಮಳೆ ಕವರು ಮೂರಕ್ಕೂ ಬೇಕು. ಅದರ ಜೊತೆ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲವೂ ಇರಲಿ.

ಬೀಗ ಹಾಕುವುದು ಟ್ರಾಲಿಯಲ್ಲಿ ಸುಲಭ, 40ರಲ್ಲಿ ಪರವಾಗಿಲ್ಲ, ಮೇಲಿನಿಂದ ದಾರ ಎಳೆಯುವ 60ರಲ್ಲಿ ಆಗುವುದಿಲ್ಲ.

7 ಕೆಜಿ

ಕಡಿಮೆ ದರದ ವಿಮಾನದಲ್ಲಿ ಹೋಗುವವರಿಗೆ ಲೀಟರಿಗಿಂತ ಕೆಜಿ ಮುಖ್ಯ. ಏರ್‌ಏಷ್ಯಾದ ಸಾಮಾನ್ಯ ಟಿಕೆಟ್ಟಿನಲ್ಲಿ ಕ್ಯಾಬಿನ್ ಬ್ಯಾಗು, ಕೈಚೀಲ ಎರಡೂ ಸೇರಿ 7 ಕೆಜಿ. ವಿಯೆಟ್‌ಜೆಟ್ಟಿನಲ್ಲೂ ಕ್ಯಾಬಿನ್ ಬ್ಯಾಗಿಗೆ ಇದೇ 7. 60 ಲೀಟರಿನದನ್ನು ಕ್ಯಾಬಿನ್‌ಗೆ ಒಯ್ಯುವ ಪ್ರಶ್ನೆಯೇ ಇಲ್ಲ. ಒಂದೊಂದು ಹಾರಾಟಕ್ಕೂ ಲಗೇಜಿಗೆ ಬೇರೆ ದುಡ್ಡು. ಮೂರು ನಾಲ್ಕು ದೇಶ ಸುತ್ತಿ ಬರುವಷ್ಟರಲ್ಲಿ ಆ ದುಡ್ಡಿಗೆ ಇನ್ನೊಂದು ಬ್ಯಾಗೇ ಬರುತ್ತದೆ. ಟ್ರಾಲಿ ಚಿಕ್ಕದಾದರೆ ಒಳಗೆ ಬಿಡುತ್ತಾರೆ, ಆದರೆ ಚಕ್ರ, ಹಿಡಿ, ಗಟ್ಟಿ ಚಿಪ್ಪು ಸೇರಿ ಖಾಲಿ ಟ್ರಾಲಿಯೇ ಎರಡೂವರೆ ಮೂರು ಕೆಜಿ ತೂಗುತ್ತದೆ. 7ರಲ್ಲಿ ಅಷ್ಟು ಅಲ್ಲೇ ಹೋಯಿತು. ನನ್ನ 40 ಲೀಟರಿನದು ಖಾಲಿ ಇದ್ದಾಗ ಒಂದೂವರೆ ಕೆಜಿಯ ಹತ್ತಿರ.

ಉಳಿದದ್ದರಲ್ಲಿ ಮೂರು ಜೊತೆ ಬಟ್ಟೆ, ಟವೆಲಿನ ಬದಲು ತೆಳು ಪಂಚೆ, ಚಾರ್ಜರು, ಮಾತ್ರೆ. ಪಂಚೆ ಬಹಳ ಉಪಯೋಗಕ್ಕೆ ಬರುತ್ತದೆ. ಮೈ ಒರೆಸಲು, ಹೊದೆಯಲು, ಬಂಕಿಗೆ ಪರದೆ ಕಟ್ಟಲು, ಬೌದ್ಧ ದೇವಾಲಯದಲ್ಲಿ ಮಂಡಿ ಮುಚ್ಚಲು ಎಲ್ಲಕ್ಕೂ ಅದೇ. ಆಮೇಲೆ ಊಟದ ಸಾಮಾನು. ಹುರಿಹಿಟ್ಟು, ಚಟ್ನಿಪುಡಿ, ಗಟ್ಟಿ ಅವಲಕ್ಕಿ. ಮೀನಿನ ಸಾಸು ಇಲ್ಲದ ಅಡುಗೆ ಸಿಗದ ಊರಿನಲ್ಲಿ ಬಿಳಿ ಅನ್ನಕ್ಕೆ ಚಟ್ನಿಪುಡಿ ಕಲಸಿ ತಿಂದರೆ ಹೊಟ್ಟೆಗೂ ಹಿತ, ಮನಸ್ಸಿಗೂ ಹಿತ. ಮಂಡ್ಯದಿಂದ ಅಮ್ಮ ಬೆಲ್ಲವನ್ನೂ ಕಟ್ಟಿಕೊಡುತ್ತಾರೆ, ಅದರಲ್ಲಿ ನಾಲ್ಕು ಸಣ್ಣ ತುಂಡು ಮಾತ್ರ ಒಯ್ಯುತ್ತೇನೆ. ಎಣ್ಣೆ ಉಪ್ಪಿನಕಾಯಿ ಬೇಡ, ತಪಾಸಣೆಯಲ್ಲಿ ತಕರಾರು ತಪ್ಪಿದ್ದಲ್ಲ. ಜಾಕೆಟ್ಟು ಮೈಮೇಲೆ ಇರಲಿ, ಭಾರದ ಶೂ ಕಾಲಲ್ಲಿ ಇರಲಿ. ಹೊರಡುವ ಹಿಂದಿನ ದಿನ ತೂಕ ಮಾಡಿ ಆರೂವರೆಗೆ ನಿಲ್ಲಿಸಿ, ಬರುವಾಗ ಏನಾದರೂ ಸೇರಿಕೊಳ್ಳುತ್ತದೆ.

ಕ್ಯಾಬಿನ್ ಬ್ಯಾಗಿನಿಂದ ಆಗುವ ಒಂದು ನಷ್ಟ ಅಂದರೆ ಹಣ್ಣು ಕತ್ತರಿಸುವ ಚಾಕು ಒಯ್ಯುವ ಹಾಗಿಲ್ಲ. ಮಾರುಕಟ್ಟೆಯಲ್ಲಿ ಕತ್ತರಿಸಿಕೊಡಿ ಅಂದರೆ ಕೊಡುತ್ತಾರೆ.

ಬೇಡ ಅನ್ನುವ ಧೈರ್ಯ

ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಹಗುರ ಬ್ಯಾಗು ಇದ್ದಾಗ ಬೇಡ ಅನ್ನಲು ಧೈರ್ಯ ಬರುತ್ತದೆ. ಬಸ್ಸು ಇಳಿದ ಕೂಡಲೇ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ಬೆನ್ನ ಮೇಲೆ 15 ಕೆಜಿ ಇದ್ದಾಗ ಅವರು ಹೇಳಿದ ದರಕ್ಕೆ ಒಪ್ಪಿ ಕೂತುಬಿಡುತ್ತೇವೆ. ಅವರಿಗೂ ಅದು ಗೊತ್ತು, ಮೊದಲು ನೋಡುವುದೇ ಬ್ಯಾಗನ್ನು. 7 ಕೆಜಿ ಇದ್ದರೆ ನಗುತ್ತಾ ಬೇಡ ಅಂದು ನಡೆದು ಹೋಗಬಹುದು. ನೂರಿನ್ನೂರು ಮೀಟರ್ ಆಚೆ ಊರಿನ ಸಿಟಿ ಬಸ್ಸು ಸಿಗುತ್ತದೆ.

ರೂಮಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಒಬ್ಬರೇ ಹೋದವರಿಗೆ ಒಂದು ಜಾಗ ಸರಿ ಅನ್ನಿಸದೆ ಹೋದರೆ, ಕಾರಣ ಹೇಳಲು ಆಗದಿದ್ದರೂ, ಅಲ್ಲಿಂದ ಎದ್ದು ಹೋಗಲು ಆಗಬೇಕು. ಲಾವೋಸಿನಲ್ಲಿ ಒಂದು ಗೆಸ್ಟ್‌ಹೌಸಿನ ಚಿಲಕ ಒಳಗಿನಿಂದ ಬೀಳುತ್ತಿರಲಿಲ್ಲ. ಇನ್ನೊಂದು ರೂಮು ಕೇಳಿದೆ, ಇಲ್ಲ ಅಂದರು. ಕತ್ತಲಾಗಿತ್ತು. ಬ್ಯಾಗು ಇನ್ನೂ ಬೆನ್ನ ಮೇಲೆಯೇ ಇತ್ತು, ಹಾಗೇ ಹೊರಟೆ. ನಾಲ್ಕನೇ ಮನೆಯಲ್ಲಿ ಒಳ್ಳೆಯ ರೂಮು ಸಿಕ್ಕಿತು. ದೊಡ್ಡ ಬ್ಯಾಗು ಇದ್ದಿದ್ದರೆ ಒಂದು ರಾತ್ರಿ ತಾನೇ ಅಂತ ಬಾಗಿಲಿಗೆ ಕುರ್ಚಿ ಒತ್ತಿ ಎಚ್ಚರ ಇರುತ್ತಿದ್ದೆ. ಹೆಣ್ಣುಮಕ್ಕಳು ಒಬ್ಬರೇ ಹೊರಡುವುದಾದರೆ ನಾನು ಇದೊಂದನ್ನು ಒತ್ತಿ ಒತ್ತಿ ಹೇಳುತ್ತೇನೆ.

ಶ್ರೀಲಂಕಾದಲ್ಲಿ ಕ್ಯಾಂಡಿಯಿಂದ ಎಲ್ಲಾ ಅನ್ನುವ ಊರಿಗೆ ಹೋದ ಚಹಾ ತೋಟಗಳ ರೈಲಿನಲ್ಲೂ ಹೀಗೇ ಆಯಿತು. ಕಾಯ್ದಿರಿಸಿದ ಟಿಕೆಟ್ ಸಿಗಲಿಲ್ಲ, ಜನರಲ್ ಬೋಗಿ. ಬ್ಯಾಗನ್ನು ತಲೆ ಮೇಲಿನ ಕಂಬಿಗೆ ಏರಿಸಿ ಬಾಗಿಲ ಬಳಿ ನಿಂತೆ. ದೊಡ್ಡ ರಕ್‌ಸ್ಯಾಕಿನವರು ಅದನ್ನು ಬಾಗಿಲಲ್ಲೇ ಇಟ್ಟು, ಇಳಿಯುವವರು ಹತ್ತುವವರಿಗೆಲ್ಲ ದಾರಿ ಬಿಡುತ್ತಾ ಆರೇಳು ಗಂಟೆ ಅದನ್ನೇ ಕಾಯಬೇಕಾಯಿತು. ನನ್ನ ಪಕ್ಕದ ಸೀಟಿನ ಅಜ್ಜಿ ಸ್ವಲ್ಪ ಸರಿದು ಜಾಗ ಮಾಡಿ ಕೂರಿಸಿಕೊಂಡರು. ಕಡಲೆ ಹಂಚಿಕೊಂಡು ತಿಂದೆವು. ಒಬ್ಬರೇ ಇದ್ದರೆ ಜನ ಹೀಗೆ ಹತ್ತಿರ ಕರೆಯುತ್ತಾರೆ, ಬ್ಯಾಗಿಗೂ ಬೇರೆ ಜಾಗ ಬೇಕು ಅಂದರೆ ಪಾಪ ಅವರಾದರೂ ಏನು ಮಾಡುತ್ತಾರೆ, ಅಲ್ವಾ?

40ರ ಕೊರತೆಗಳು

ಬೆನ್ನು ಬೆವರುತ್ತದೆ. ಏಪ್ರಿಲ್‌ನಲ್ಲಿ ಬ್ಯಾಂಕಾಕಿನಲ್ಲಿ ಅಂಗಿ ಒದ್ದೆ ಮುದ್ದೆ. ಚಾರಣದ ಬ್ಯಾಗಿನಲ್ಲಿ ಗಾಳಿ ಆಡಲು ಇರುವ ಜಾಲರಿ ಇದರಲ್ಲಿ ಇಲ್ಲ. ಚಳಿ ದೇಶಕ್ಕೂ ಬಿಸಿಲಿನ ದೇಶಕ್ಕೂ ಒಂದೇ ಸಲ ಹೊರಟರೆ ಬಟ್ಟೆಗೆ ಜಾಗ ಸಾಲುವುದಿಲ್ಲ. ಎರಡು ದಿನಕ್ಕೊಮ್ಮೆ ಬಟ್ಟೆ ಒಗೆಯಲೇಬೇಕು. ಮನೆಗೆ ಏನೂ ತರಲು ಆಗುವುದಿಲ್ಲ, ಹೋಯಿ ಆನ್‌ನ ಲಾಟೀನಿನ ಆಸೆ ನನಗೆ ಇನ್ನೂ ಇದೆ. ಜಿಪ್ಪು ಕೆಟ್ಟರೆ ಇಡೀ ಬ್ಯಾಗು ಬಾಯಿ ಬಿಡುತ್ತದೆ, ಅದಕ್ಕೆ ಕೊಳ್ಳುವಾಗ ಜಿಪ್ಪಿನ ಮೇಲೆ ದುಡ್ಡು ಹಾಕಿ. ನನ್ನದರ ರನ್ನರ್ ಒಮ್ಮೆ ಸಡಿಲವಾದಾಗ ಅಶೋಕ ರಸ್ತೆಯ ಬ್ಯಾಗ್ ರಿಪೇರಿಯವರು ಕೂತಲ್ಲೇ ಬದಲಾಯಿಸಿಕೊಟ್ಟರು, ಆಮೇಲೆ ತೊಂದರೆ ಇಲ್ಲ.

ಯಾರಿಗೆ ಯಾವುದು

ನನ್ನ ಲೆಕ್ಕ ನನ್ನ ಅಭ್ಯಾಸದ್ದು. ಸಂಬಳದಲ್ಲಿ ಉಳಿಸಿ ಹೋಗುವವರು ನಾವು. ಡಾರ್ಮ್, ರೈಲು, ಸಿಟಿ ಬಸ್ಸು. ಒಂದು ಊರಿನಲ್ಲಿ ಎರಡು ಮೂರು ರಾತ್ರಿ, ಮತ್ತೆ ಮುಂದಿನ ಊರು. ಹೀಗೆ ತಿರುಗುವವರಿಗೆ 40 ಲೀಟರ್ ಬಿಟ್ಟು ಬೇರೆ ಯೋಚನೆ ಬೇಡ. ಐದು ಸಾವಿರದ ಆಸುಪಾಸಿನಲ್ಲಿ ಒಳ್ಳೆಯದು ಸಿಗುತ್ತದೆ, ಹದಿನೈದು ಸಾವಿರದ್ದೂ ಇದೆ, ನನಗೆ ಅಷ್ಟು ಬೇಕು ಅನ್ನಿಸಲಿಲ್ಲ. ಒಂದೇ ಊರಿನಲ್ಲಿ ಹದಿನೈದು ದಿನ ಇರುವವರು, ಹೋಟೆಲಿಗೆ ಕಾರು ಕರೆಸಿಕೊಳ್ಳುವವರು ಟ್ರಾಲಿ ಒಯ್ಯಲಿ. ಹಿಮಾಲಯ ಹತ್ತುವವರು 60 ಲೀಟರ್ ಹೊರಲಿ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ 7 ಕೆಜಿ ತುಂಬಿಸಿ ಹಾಕಿ ನೋಡಿ. ಕುಳ್ಳಗಿದ್ದವರು ಬೆನ್ನಿನ ಉದ್ದ ನೋಡಲೇಬೇಕು, ಇಲ್ಲದಿದ್ದರೆ ಬ್ಯಾಗಿನ ತಳ ಸೊಂಟಕ್ಕೆ ಬಡಿಯುತ್ತಿರುತ್ತದೆ. ತಂದ ಮೇಲೆ ಚೀಟಿ ಕೀಳಬೇಡಿ. ಹಳೇ ಪುಸ್ತಕ ತುಂಬಿಸಿ ಒಂದು ಬೆಳಗ್ಗೆ ಚಾಮುಂಡಿ ಬೆಟ್ಟದ 1,008 ಮೆಟ್ಟಿಲು ಹತ್ತಿ. ನಂದಿ ತಲುಪುವ ಹೊತ್ತಿಗೆ ಹೆಗಲು ಉರಿಯಲು ಶುರುವಾದರೆ ಪಟ್ಟಿ ಸರಿಮಾಡಿ ನೋಡಿ. ಆಗಲೂ ಉರಿದರೆ ಆ ಬ್ಯಾಗು ನಿಮ್ಮದಲ್ಲ, ವಾಪಸ್ ಕೊಟ್ಟು ಬೇರೆ ಅಳತೆಯದು ತನ್ನಿ. ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ, ಬಿಲ್ಲು ಜೋಪಾನ.